ಒಂದು ಮೊಳ ಮರಳು

ಆಮೆ ಮೊಟ್ಟೆಯಿಟ್ಟು ಮರಳು ಮುಚ್ಚಿ ನದಿಗಿಳಿದ ಮೇಲೆ ಗೂಡು ಇಂಥಲ್ಲೇ ಇದೆ ಎಂದು ಹೇಳುವುದು ಎಂಥವರಿಗೂ ಆಗದ ಮಾತು. ಆಮೆಗಳ ಮೇಲೆ ಸಂಶೋಧನೆ ಮಾಡಿದ ಆ ಹುಡುಗಿಯ ಸೋದರಮಾವನಿಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ಬರಿಗಾಲಲ್ಲಿ ದಂಡೆಯುದ್ದಕ್ಕೂ ನಡೆಯುತ್ತ, ಹಿಮ್ಮಡಿ ಒಂಚೂರು ಹೆಚ್ಚು ಕುಸಿದಲ್ಲಿ ನಿಂತುಬಿಡುತ್ತಿದ್ದ. ಅಲ್ಲಿ ಒಂದು ಮೊಳದ ಕೆಳಗೆ ಮೊಟ್ಟೆ ಇರಲೇಬೇಕು. ಅರಣ್ಯ ಇಲಾಖೆಯವರು ಅವನನ್ನು ದಂಡೆಯ ಕಾವಲಿಗೆ ಇಟ್ಟುಕೊಂಡದ್ದೂ ಆ ಹಿಮ್ಮಡಿಯನ್ನು ನೋಡಿಯೇ. ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ. ಕಟ್ಟಿಕೊಂಡ ಹೆಂಡತಿಗೂ ಒಂದು ಗೂಡು ತೋರಿಸಿದವನಲ್ಲ.

ಅಂಥವನು ಸೋದರ ಸೊಸೆಗೆ ತೋರಿಸಿದ. ತಂದೆಯಿಲ್ಲದ ಹುಡುಗಿ, ತಾನೇ ಎತ್ತಿ ಆಡಿಸಿದವಳು, ವಿಶ್ವವಿದ್ಯಾಲಯದಲ್ಲಿ ನಿಸರ್ಗ ಸಂರಕ್ಷಣೆ ಓದುತ್ತಿದ್ದೇನೆ, ಆಮೆಗಳ ಮೇಲೇ ಪಿಎಚ್.ಡಿ. ಮಾಡುತ್ತೇನೆ ಅಂದರೆ ಇಲ್ಲವೆನ್ನಲು ಅವನಿಂದಾದೀತೇ? ಎರಡು ಬೇಸಿಗೆ ತನ್ನ ಹಿಂದೆ ನಡೆಸಿಕೊಂಡು ನಲವತ್ತೊಂದು ಗೂಡು ತೋರಿಸಿದ. ಜಾಗ ಮಾತ್ರ ಯಾರಿಗೂ ಹೇಳಕೂಡದು ಎಂದು ಮಾತು ತೆಗೆದುಕೊಂಡ. ಅವಳು ಕೊಟ್ಟಳು.

ಅವಳ ಗೈಡ್ ಬಿಡಬೇಕಲ್ಲ! ಜಾಗದ ಗುರುತಿಲ್ಲದ ಪ್ರಬಂಧ ಬರೀ ಅಜ್ಜಿಕತೆ ಎಂದರು. ಅವಳು ಕೊನೆಯಲ್ಲೊಂದು ನಕ್ಷೆ ಸೇರಿಸಿದಳು: ನಲವತ್ತೊಂದು ಚುಕ್ಕೆ, ಪ್ರತಿ ಚುಕ್ಕೆಗೂ ಅಕ್ಷಾಂಶ, ರೇಖಾಂಶ. ವಿಶ್ವವಿದ್ಯಾಲಯ ನಿಯಮದ ಪ್ರಕಾರ ಪ್ರಬಂಧವನ್ನು ಯಾರು ಬೇಕಾದರೂ ತೆರೆದು ನೋಡುವಂತೆ ವೆಬ್‌ಸೈಟಿಗೆ ಹಾಕಿತು. ಅಯ್ಯೋ, ಆಮೆ ಉಳಿಸಲು ಹೊರಟವರ ಬುದ್ಧಿಯೇ! ಮಾವನಿಗೂ ಒಂದು ಪ್ರತಿ ಕೊಟ್ಟಳು. ಓದು ಬಾರದ ಅವನು ನಕ್ಷೆಯ ಪುಟ ತೆರೆದು ಚುಕ್ಕೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದ.

ಆಮೆಗಳು ಬೇಸಿಗೆ ಬಂತೆಂದರೆ ಅದದೇ ಜಾಗಕ್ಕೆ ಮರಳುತ್ತವೆ. ಈ ಸಲವೂ ಬಂದವು. ನಾಲ್ಕೇ ದಿನದಲ್ಲಿ ನಲವತ್ತೊಂದು ಗೂಡೂ ಬರಿದು. ದಂಡೆಯಲ್ಲಿ ಒಂದು ಗುಂಡಿಯಾದರೂ ತಪ್ಪಿ ತೋಡಿರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಅಗೆಯುವವನು ಕಾವಲುಗಾರನಲ್ಲದೆ ಇನ್ಯಾರು ಎಂದು ಇಲಾಖೆ ಮಾವನನ್ನು ಹಿಡಿದು ಕೂರಿಸಿತು. ತಜ್ಞೆಯೆಂದು ಅವಳಿಗೂ ಕರೆ ಬಂತು.

ಗೈಡ್ ತಾವೇ ಅವಳನ್ನು ಕಾರಿನಲ್ಲಿ ಇಲಾಖೆಯ ಕಚೇರಿಗೆ ಕರೆತಂದರು. ದಾರಿಯುದ್ದಕ್ಕೂ ಮೆಲುದನಿಯಲ್ಲಿ ಬುದ್ಧಿ ಹೇಳಿದರು. ನಕ್ಷೆಯ ಮಾತೆತ್ತಿದರೆ ಪ್ರಬಂಧ ವಾಪಸಾಗುತ್ತದೆ, ಪದವಿ ಹೋಗುತ್ತದೆ, ಮುಂದಿನ ತಿಂಗಳು ಸೇರಬೇಕಾದ ಅಧ್ಯಾಪಕಿಯ ಕೆಲಸವೂ ಹೋಗುತ್ತದೆ.

ಅಧಿಕಾರಿ ಮೊದಲು ಮಾವನನ್ನು ಕೇಳಿದ, ಗೂಡು ಯಾರಿಗಾದರೂ ತೋರಿಸಿದ್ದೀಯಾ ಎಂದು.

"ಯಾರಿಗೂ ಇಲ್ಲ ಸಾರ್," ಎಂದ ಮಾವ, ಅವಳತ್ತ ನೋಡದೆ. "ಇವಳು ಮರಿಗಳು ಹೊರಟುಹೋದ ಮೇಲೆ ಒಡೆದ ಮೊಟ್ಟೆಚಿಪ್ಪು ಎಣಿಸೋಕೆ ಬರ್ತಿದ್ಲು, ಅಷ್ಟೇ."

ಮಾವ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದಾನಲ್ಲ! ಪ್ರಬಂಧ ಓದುವ ಅಭ್ಯಾಸ ಅಧಿಕಾರಿಗಿರಲಿಲ್ಲ, ಇದ್ದದ್ದು ಕಳ್ಳರಿಗೆ. ಅಧಿಕಾರಿ ಅವಳತ್ತ ತಿರುಗಿ, ಹೊರಗಿನವರಿಗೆ ಗೂಡು ಸಿಗುವ ದಾರಿ ಏನಾದರೂ ಇದೆಯೇ ಎಂದು ಕೇಳಿದ.

ಗೈಡ್ ಕಿಟಕಿಯ ಕಡೆ ನೋಡುತ್ತಿದ್ದರು. ಅವಳಿಗೆ ಮುಂದಿನ ತಿಂಗಳು ತಾನು ಪಾಠ ಮಾಡಬೇಕಾದ ಕೊಠಡಿ ಕಣ್ಣೆದುರು ಬಂತು.

"ಇಲ್ಲ ಸಾರ್. ಅದು ಪಳಗಿದ ಹಿಮ್ಮಡಿಗೆ ಮಾತ್ರ ಗೊತ್ತಾಗುತ್ತೆ."

ಅಧಿಕಾರಿ ಬರೆದುಕೊಂಡ. ಮಾವನ ಮೂವತ್ತು ವರ್ಷದ ವಿದ್ಯೆ ಒಂದು ಸಾಲಿನಲ್ಲಿ ಅವನ ವಿರುದ್ಧವೇ ಸಾಕ್ಷಿಯಾಯಿತು. ಮಾವ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿದ, ಸಿಟ್ಟೇನೂ ಇರಲಿಲ್ಲ.

ಮಾವನನ್ನು ಜೀಪು ಹತ್ತಿಸುವ ಮುನ್ನ ಅವಳು ಹತ್ತಿರ ಹೋದಳು. ಅವನು ಆಚೀಚೆ ನೋಡಿ ಪಿಸುಗುಟ್ಟಿದ.

"ಗುಬ್ಬಿ, ಹೆದರಬೇಡ. ಚುಕ್ಕೆ ಇರೋ ಆ ನಿನ್ನ ಪುಸ್ತಕ ಇವರ ಕೈಗೆ ಸಿಗಲ್ಲ. ದಂಡೆಯಲ್ಲಿ ಹೂತಿಟ್ಟಿದೀನಿ, ಒಂದು ಮೊಳ ಆಳದಲ್ಲಿ. ನಂಗೊಬ್ಬನಿಗೇ ಗೊತ್ತು."

ಅವಳು ಆಗಲಿ ಮಾವ ಎಂದಳು. ಗೈಡ್ ಕಾರಿನ ಬಾಗಿಲು ತೆರೆದು ನಿಂತಿದ್ದರು, ಹೋಗಿ ಕೂತಳು.