ಅತ್ತಿಗೆ ನಾದಿನಿಯರ ಉಪ್ಪುಮೀನು

ಕಳೆದ ವರ್ಷ ಕೇಟಿ ಕೋಟಿಯಂದು, ಅಂದರೆ ಗುಲಾಮಗಿರಿಯ ಸಂಕೋಲೆ ಕಡಿದ ಹಬ್ಬದ ದಿನ, ಜೋಸ್ತಾ ತನ್ನ ಅತ್ತಿಗೆ ಎರ್ಮೆಲಿನಳ ಅಡುಗೆಯನ್ನು ಬಾಯಿಗಿಟ್ಟು, ನೆಂಟರೆದುರೇ "ಅಯ್ಯೋ, ಸಮುದ್ರಾನೇ ಬೇಯಿಸಿದ್ದೀಯಲ್ಲ ಅತ್ತಿಗೆ!" ಎಂದುಬಿಟ್ಟಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಪಾರಾಮಾರಿಬೋ ಪಟ್ಟಣದ ನಮ್ಮ ಓಣಿಯಲ್ಲಿ ಅವರ ಮನೆಗಳ ನಡುವೆ ಇರುವುದು ಒಂದು ಹಲಗೆಬೇಲಿ. ಬೈಗುಳವೆಲ್ಲ ತಲೆವಸ್ತ್ರದಲ್ಲೇ ನಡೆಯಿತು. ನಮ್ಮ ಹೆಂಗಸರು ಗಂಜಿ ಹಾಕಿದ ತಲೆವಸ್ತ್ರವನ್ನು ಒಂದೊಂದು ಬಗೆಯಲ್ಲಿ ಮಡಿಚಿ ಕಟ್ಟಿದರೆ ಒಂದೊಂದು ಅರ್ಥ. ಎರ್ಮೆಲಿನ್ 'ಆಡುವವರು ಆಡಿಕೊಳ್ಳಲಿ' ಎಂಬ ಕಟ್ಟು ಕಟ್ಟಿ ಬಟ್ಟೆ ಒಣಹಾಕಲು ಬಂದರೆ, ಮರುದಿನ ಜೋಸ್ತಾ ಅದೇ ಕಟ್ಟನ್ನು ಗೇಣುದ್ದ ಎತ್ತರಿಸಿಕೊಂಡು ಅಂಗಳ ಗುಡಿಸುತ್ತಿದ್ದಳು.

ಈ ಸಲ ಹಬ್ಬಕ್ಕೆ ಎರಡು ಒಲೆ ಹೊತ್ತಿದವು. ಎರಡರ ಮೇಲೂ ಹೆರಿ ಹೆರಿ: ಮರಗೆಣಸು, ಸಿಹಿಗೆಣಸು, ಬಾಳೆಕಾಯಿ ಒಟ್ಟಿಗೆ ಬೆಂದು, ಮೇಲೆ ಉಪ್ಪುಮೀನು. ಜೋಸ್ತಾ ಯಾರೂ ಬೆರಳು ತೋರಿಸಬಾರದೆಂದು ಮೀನಿನ ಉಪ್ಪು ಇಳಿಯುವಂತೆ ನೀರು ಬದಲಿಸಿ ಬದಲಿಸಿ ನೆನೆಹಾಕಿದಳು. ಎರ್ಮೆಲಿನ್ ಹಟಕ್ಕೆ ಒಮ್ಮೆ ಅದ್ದಿ ತೆಗೆದಳು. ಹೆಸ್ದಿ ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ. ಪಾಪ, ಎರಡೂ ಕಡೆ ಉಂಡು, ಎರಡೂ ಕಡೆ "ಇದೇ ರುಚಿ" ಎಂದ.

ಓಣಿಯ ಹಿರಿಯಳಾದ ಅಫೀನಜ್ಜಿಗೆ ಮೊದಲ ತಟ್ಟೆ ಕೊಡುವುದು ವಾಡಿಕೆ. ಇಬ್ಬರೂ ತಟ್ಟೆ ಹಿಡಿದು ಒಟ್ಟಿಗೇ ಜಗಲಿ ಹತ್ತಿದರು. ಅಜ್ಜಿ ಒಂದರಿಂದ ತುತ್ತು ತಿಂದು ನೀರು ಕುಡಿದಳು. ಇನ್ನೊಂದರಿಂದ ತಿಂದು ಉಪ್ಪಿನ ಡಬ್ಬಿ ಹುಡುಕಿದಳು.

"ಒಂದು ಸಮುದ್ರ, ಇನ್ನೊಂದು ಮಳೆನೀರು. ಏನ್ರೇ ಇದು?"

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು.

"ತೋಟದ ದೊರೆ ಎಸೆದ ಮೀನನ್ನ ನಮ್ಮಜ್ಜಿಯ ಅಮ್ಮ ತಿಂತಿದ್ಳು. ಉಪ್ಪು ಜಾಸ್ತಿ ಅಂದಿದ್ರೆ ಬೆನ್ನಿನ ಚರ್ಮ ಉಳೀತಿರಲಿಲ್ಲ. ನಿಮಗೆ ಅನ್ನೋಕೆ ಬಾಯಿದೆ. ಅಂಥ ಬಾಯನ್ನ ವರ್ಷಪೂರ್ತಿ ಹೊಲ್ಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ? ಜಗಳ ಆಡ್ರೇ! ನನ್ನೆದುರೇ ಆಡಿ!"

ಎರ್ಮೆಲಿನ್ ಜೋಸ್ತಾಳತ್ತ ತಿರುಗಿ ಸ್ಫೋಟಿಸಿದಳು: "ನೆಂಟರೆದುರೇ ಅನ್ನಬೇಕಿತ್ತಾ? ಒಳಗೆ ಕರೆದು ಹೇಳಿದ್ರೆ ನಾಲಿಗೆ ಉದುರ್ತಿತ್ತಾ?"

"ಒಳಗೆ ಕರೆದು ಹೇಳಿದ್ದನ್ನ ನೀನು ಯಾವತ್ತು ಕಿವಿಗೆ ಹಾಕ್ಕೊಂಡಿದ್ದೀಯ? ನೀನು ಮದುವೆಯಾಗಿ ಬಂದಾಗಿಂದ ಹೇಳ್ತಾನೇ ಇದ್ದೀನಿ!"

"ನೀನೇನು ಮಹಾ ಬಾಣಸಿಗಿತ್ತಿ! ಇವತ್ತಿನದು ಹಲ್ಲಿಲ್ಲದ ಕೂಸಿಗೆ ಮಾಡಿದ ಹಾಗಿದೆ!"

"ನಿನಗೆ ಹೆದರ್ಕೊಂಡು ಹಾಗಾಯ್ತು!"

ಅಜ್ಜಿಯ ಅಂಗಳದ ಬೇಲಿಯ ಮೇಲೆ ಇಡೀ ಓಣಿಯ ತಲೆಗಳು. ಅಜ್ಜಿ ಮಾತ್ರ ಎರಡೂ ತಟ್ಟೆಯದನ್ನು ಒಂದಕ್ಕೇ ಸುರಿದು ಕಲಸಿ ಸಾವಧಾನವಾಗಿ ಉಣ್ಣುತ್ತಿದ್ದಳು. ಕೊನೆಗೆ ಜೋಸ್ತಾ ದನಿ ತಗ್ಗಿಸಿದಳು.

"ನೆಂಟರೆದುರು ಅಂದದ್ದು ತಪ್ಪೇ ಅತ್ತಿಗೆ. ಆದ್ರೆ ಉಪ್ಪು ಹೆಚ್ಚಿದ್ದದ್ದು ನಿಜ."

ಎರ್ಮೆಲಿನ್ ನಗು ತಡೆಯಲು ನೋಡಿದಳು, ಆಗಲಿಲ್ಲ. "ಹೆಚ್ಚಿತ್ತು ಕಣೇ. ಆ ರಾತ್ರಿ ನಾನೂ ಎದ್ದೆದ್ದು ನೀರು ಕುಡಿದೆ."

ಎರಡೂ ಪಾತ್ರೆಗಳನ್ನು ದೊಡ್ಡ ಬೋಗುಣಿಗೆ ಬಗ್ಗಿಸಿದರು. ಓಣಿಯವರೆಲ್ಲ ಸುತ್ತ ಕೂತು ಕೈ ಹಾಕಿದರು. ಒಂದು ತುತ್ತು ಉಪ್ಪು, ಒಂದು ಸಪ್ಪೆ. ಯಾರ ಪಾಲಿಗೆ ಯಾವುದು ಬರುತ್ತದೋ ಎಂದು ನಗುತ್ತಲೇ ಉಂಡೆವು.

"ಈಗ ನಿಜ ಹೇಳಣ್ಣ, ಯಾರದು ಚೆನ್ನಾಗಿತ್ತು?" ಎಂದಳು ಜೋಸ್ತಾ. ಎರ್ಮೆಲಿನಳೂ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಹೆಸ್ದಿ ಅವಸರವಾಗಿ ಒಂದಿಡೀ ಬಾಳೆಕಾಯನ್ನು ಬಾಯಿಗೆ ತುರುಕಿಕೊಂಡ.