ಕೆಂಪು ಹಕ್ಕಿಯ ಕುಪ್ಪಸ

1986ರಲ್ಲಿ ತಂಬಾಕು ಕೆಲಸದ ಹೆಂಗಸರ ಸಭೆಗೆಂದು ನಿಪ್ಪಾಣಿಯ ಸಕ್ಕುಬಾಯಿ, ಕುಲಸುಂಬಿ ಮೆಕ್ಸಿಕೊಗೆ ಹೋಗಿದ್ದರು. ಇಬ್ಬರೂ ವಖಾರದಲ್ಲಿ, ಎಂದರೆ ಗೋದಾಮಿನಲ್ಲಿ, ತಂಬಾಕಿಗೆ ಜರಡಿ ಹಿಡಿಯುವವರು, ಸಂಪು ಹೂಡಿ ಲಾಠಿ ತಿಂದವರು. ಸಭೆ ನಡೆದ ಊರಿನ ಗೋಡೆಗಳೆಲ್ಲ ಹಳದಿ, ಗುಲಾಬಿ, ನೀಲಿ. ಸ್ಪೇನಿನವರು ಮಾಯಾ ಜನರ ಗುಡಿ ಕೆಡವಿ ಅದೇ ಕಲ್ಲಿನಿಂದ ಚರ್ಚು ಕಟ್ಟಿದ್ದರು. ಅದರ ಗೋಡೆಯಲ್ಲೊಂದು ಕೆತ್ತಿದ ಮುಖ ತಲೆಕೆಳಗಾಗಿತ್ತು.

ಊರಾಚೆ ಉಳಿದಿದ್ದ ಪಾಳುಗುಡಿ ತೋರಿಸಲು ತೊಮಾಸಾ ಬಂದಳು. ಅವಳು ಮಾಯಾ ಹೆಂಗಸು. ಪಕ್ಕದ ಗ್ವಾಟೆಮಾಲಾದ ಸೈನ್ಯ ತನ್ನ ಹಳ್ಳಿ ಸುಟ್ಟಾಗ ಗಡಿ ದಾಟಿದವಳು. ಸಿಕ್ಕಿಬಿದ್ದರೆ ಇಲ್ಲಿನ ಪೊಲೀಸರು ಅವಳನ್ನು ಅದೇ ಸೈನ್ಯದ ಕೈಗೆ ಎಸೆಯುತ್ತಾರೆಂದು ಸಭೆಯ ದುಭಾಷಿ ಹೇಳಿದ್ದಳು. ಆ ಸೀಮೆಯಲ್ಲಿ ಹಳ್ಳಿಗೊಂದು ನೇಯ್ಗೆ. ಕುಪ್ಪಸದ ಕೆಂಪು ಹಕ್ಕಿಗಳೇ ತೊಮಾಸಾಳ ಊರನ್ನು ಸಾರುತ್ತಿದ್ದವು. ಅವ್ವ ನೇಯ್ದದ್ದನ್ನು ತೆಗೆದಿಡಲು ಅವಳು ಒಪ್ಪಿರಲಿಲ್ಲ.

ಸಕ್ಕುಬಾಯಿ ಎಲ್ಲಿಗೆ ಹೊರಟರೂ ಚೀಲದಲ್ಲಿ ಇನ್ನೊಂದು ಸೀರೆ.

"ಲಾಜಿನಾಗ ಬಿಟ್ರ ಅದನ್ನ ಯಾರು ಉಟಗೊಂಡು ಓಡ್ತಾರ ಬೇ?" ಕುಲಸುಂಬಿ ಕಾಡಿಸಿದಳು.

"ವಖಾರದಾಗ ಚಪ್ಪಲಿ ಕಳಕೊಂಡಾಕಿ ನೀನ. ನನಗ ಹೇಳಬ್ಯಾಡ."

ಗುಡಿ ಹತ್ತಿ ನಿಂತಾಗ ಕೆಳಗೆ ಪೊಲೀಸ್ ಲಾರಿ ಕಂಡಿತು. ತೊಮಾಸಾ ತಟ್ಟನೆ ಬಗ್ಗಿ ಕೂತಳು. ಆವರಣದಿಂದ ಹೊರಹೋಗುವ ಬಾಗಿಲು ಒಂದೇ, ಅಲ್ಲಿ ಬಂದೂಕುಗಳು.

ಸಕ್ಕುಬಾಯಿ ಅವಳನ್ನು ಮುರಿದ ಗೋಡೆಯ ಮರೆಗೆ ಎಳೆದಳು. ಕುಪ್ಪಸ ತೆಗೆಸಿ, ಸೀರೆ ಸುತ್ತಿ, ಮೈತುಂಬ ಸೆರಗು ಹೊದಿಸಿ, ತನ್ನ ಹಣೆಯ ಕುಂಕುಮವನ್ನೇ ಅವಳ ಹಣೆಗೆ ಒತ್ತಿದಳು. ಕುಪ್ಪಸ ಇಲ್ಲೇ ಒಗೆಯೋಣವೆಂದು ಕುಲಸುಂಬಿ ಬೇಡಿಕೊಂಡಳು. ತೊಮಾಸಾ ಬಿಡಲಿಲ್ಲ. ಅದು ಚೀಲ ಸೇರಿತು.

ಮೂವರೂ ಕೈಹಿಡಿದು ಇಳಿದರು. ಲಾರಿಯಲ್ಲಿ ಆಗಲೇ ಅಂಥ ಕುಪ್ಪಸ ತೊಟ್ಟ ಹೆಂಗಸರು ತಲೆತಗ್ಗಿಸಿ ಕೂತಿದ್ದರು. ಸೀರೆಗಳನ್ನು ನೋಡಿ ಅಧಿಕಾರಿ ಮುಗುಳ್ನಕ್ಕ. ಪ್ರವಾಸಿಗರ ಕಾಗದ ಅವನಿಗೆ ಬೇಕಿರಲಿಲ್ಲ. ಚೀಲವನ್ನಷ್ಟೇ ತೆರೆಯಲು ಸನ್ನೆ ಮಾಡಿದ.

ಕೆಂಪು ಹಕ್ಕಿಗಳು ಹೊರಬಂದವು. ತೊಮಾಸಾಳ ಉಗುರು ಸಕ್ಕುಬಾಯಿಯ ಅಂಗೈಯಲ್ಲಿ ನಾಟಿತು.

"ನಂದ್ರಿ ಸಾಹೇಬ್ರ," ಎಂದು ಸಕ್ಕುಬಾಯಿ ಕುಪ್ಪಸವನ್ನು ಎದೆಗೆ ಹಿಡಿದಳು. "ಪ್ಯಾಟ್ಯಾಗ ತಗೊಂಡೀನಿ. ಮಗಳಿಗೆ."

ಮಾತು ತಿಳಿಯದಿದ್ದರೂ ಅವನಿಗೆ ಅರ್ಥವಾಯಿತು. ಪ್ರವಾಸಿಗರೆಲ್ಲ ಕೊಳ್ಳುವುದು ಅದನ್ನೇ. ತೊಟ್ಟವಳನ್ನು ಲಾರಿಗೆ ತಳ್ಳುವ ಕೈ, ಕೊಂಡವಳ ಮುಂದೆ ಚೆಂದವಿದೆಯೆಂದು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ತೋರಿಸಿತು.

ಕುಪ್ಪಸ ಇನ್ನೂ ತೊಮಾಸಾಳ ಬೆವರಿನಿಂದ ಒದ್ದೆಯಾಗಿತ್ತು. ಮುಟ್ಟಿದರೆ ತಿಳಿದೀತೆಂದು ಸಕ್ಕುಬಾಯಿ ಅದನ್ನು ಅವನ ಕೈಗೆ ಕೊಡದೆ ಮಡಿಚಿಕೊಂಡು ನಡೆದಳು. ಬೆನ್ನ ಹಿಂದೆ ಲಾರಿ ಚಾಲೂ ಆಯಿತು. ಮೂವರಲ್ಲಿ ಯಾರೂ ತಿರುಗಿ ನೋಡಲಿಲ್ಲ.