ಎರಡು ಚಮಚ ಔಷಧಿ

ಗಣಪತಿ ಕೂರಿಸಿದ ನಾಲ್ಕನೆಯ ದಿನ ಶೀತಲ್‌ಗೆ ಮತ್ತೆ ಹೊಟ್ಟೆ ಕೆಟ್ಟಿತು. ಬೆಳಿಗ್ಗೆ ಆರೂವರೆಯೊಳಗೆ ಅನುರಾಧಾ ಮಗಳ ಕೈ ಹಿಡಿದುಕೊಂಡು ಗಲ್ಲಿಯ ಕೊನೆಯಲ್ಲಿದ್ದ ಸಾರ್ವಜನಿಕ ಸಂಡಾಸಕ್ಕೆ ಮೂರು ಸಲ ಓಡಿದಳು. ಮೂರನೆಯ ಸಲ ಸಾಲಿನಲ್ಲಿದ್ದ ಹೆಂಗಸರು ಪಾಪ ಅಂದುಕೊಂಡು ಜಾಗ ಬಿಡುವಷ್ಟರಲ್ಲಿ ಹುಡುಗಿಯ ಬಟ್ಟೆ ಹೊಲಸಾಗಿತ್ತು. ಒಂಬತ್ತು ವರ್ಷದ ಶೀತಲ್ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಳು.

"ಏನ ತಿಂದಿ?" ಅಂದಳು ಅನುರಾಧಾ.

"ಏನೂ ತಿಂದಿಲ್ಲ, ಮಮ್ಮಿ."

"ಗಣಪತಿ ಮಂಡಳದಾಗ ಪ್ರಸಾದ ತಿಂದಿಯೋ ಇಲ್ಲೋ? ಖರೇ ಹೇಳು."

"ಸಚ್ಚೀ ಮಮ್ಮಿ. ಏನೂ ತಿಂದಿಲ್ಲ."

ಅನುರಾಧಾ ಮಗಳ ಬೆನ್ನಿಗೆ ಎರಡು ಬಾರಿಸಿದಳು. ಬಿಡಿಸಿಕೊಳ್ಳಲು ಒಬ್ಬ ಹೆಂಗಸು ಮುಂದೆ ಬಂದಾಗ ಮೂರನೆಯದೂ ಬಿತ್ತು. "ಕದ್ದು ತಿಂತಾಳ, ಮ್ಯಾಲ ಸುಳ್ಳು ಹೇಳ್ತಾಳ" ಎಂದು ಅವಳು ಸಾಲಿನವರಿಗೆಲ್ಲ ಕೇಳುವಂತೆ ಕೂಗಿದಳು. ಶೀತಲ್ ಅಳಲಿಲ್ಲ. ಕೆಮ್ಮಿದಳು. ಮೂರು ದಿನದಿಂದ ಅವಳಿಗೆ ಕೆಮ್ಮೂ ಇತ್ತು.

ಶೀತಲ್‌ಗೆ ಸಕ್ಕರೆ ಅರಗುವುದಿಲ್ಲ. ಎದೆಹಾಲು ಬಿಡಿಸಿ ಮೇಲಿನ ಊಟ ಶುರುಮಾಡಿದಾಗಿನಿಂದ ಅವಳಿಗೆ ಹೊಟ್ಟೆನೋವು, ಭೇದಿ. ಧಾರಾವಿಯ ಎಲ್ಲ ದವಾಖಾನೆಗಳ ಬೆಂಚುಗಳ ಮೇಲೂ ಅನುರಾಧಾ ಕೂತು ಎದ್ದಿದ್ದಳು. ಕೊನೆಗೆ ಹೋದ ವರ್ಷ ದೊಡ್ಡ ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ಏನೇನೋ ಪರೀಕ್ಷೆ ಮಾಡಿಸಿ, ಇವಳ ಕರುಳಿಗೆ ಸಕ್ಕರೆಯನ್ನು ಒಡೆಯುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಎಂದು ಹೇಳಿದರು. ಸಕ್ಕರೆ, ಬೆಲ್ಲ, ಬಿಸ್ಕಿಟು, ಬಾಳೆಹಣ್ಣು, ಮಾವಿನಹಣ್ಣು ಬೇಡ. ಹಾಲು, ಮೊಸರು, ಮೊಟ್ಟೆ, ದ್ರಾಕ್ಷಿ ನಡೆಯುತ್ತದೆ. ಮೂರು ತಿಂಗಳು ಬಿಟ್ಟು ಬನ್ನಿ, ಮುಂದೆ ಏನೆಂದು ನೋಡೋಣ. ಅನುರಾಧಾ ಹಿಂದಿಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಕನ್ನಡದಲ್ಲಿ ನೆನಪಿಟ್ಟುಕೊಂಡಳು. ಮೂರು ತಿಂಗಳ ನಂತರ ಮತ್ತೆ ಹೋಗಲಿಲ್ಲ. ಆಸ್ಪತ್ರೆಯೆಂದರೆ ಒಂದು ದಿನದ ಕೆಲಸ ತಪ್ಪುತ್ತಿತ್ತು. ಮೇಲಾಗಿ ಹುಡುಗಿಯ ಹೊಟ್ಟೆ ನೆಟ್ಟಗಾಗಿತ್ತು.

ಊರವರಿಗೆ ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ಸಕ್ಕರೆ ಅಂದಕೂಡಲೇ ಎಲ್ಲರೂ ಮುದುಕರಿಗೆ ಬರುವ ಸಕ್ಕರೆ ಕಾಯಿಲೆ ಎಂದುಕೊಂಡರು. ಒಬ್ಬಳು ಹಾಗಲಕಾಯಿ ರಸ ಕುಡಿಸು ಅಂದಳು. ಇನ್ನೊಬ್ಬಳು, ಇಷ್ಟು ಸಣ್ಣ ಕೂಸಿಗೆ ಸೂಜಿ ಚುಚ್ಚುತೀಯಾ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚುತ್ತಾರೆ, ಪಕ್ಕದ ಖೋಲಿಯಲ್ಲಿ ಶಿರಾ ಮಾಡುತ್ತಾರೆ, ಮೂಲೆಯ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಪೆಪ್ಪರಮಿಂಟು ಕೊಡುತ್ತಾನೆ. ಎಲ್ಲರೂ ಕೊಡುವವರು. ಬೇಡ ಅನ್ನುವವಳು ಇವಳೊಬ್ಬಳೇ.

ಏಪ್ರಿಲ್ ರಜೆಯಲ್ಲಿ ಶೀತಲ್ ಒಮ್ಮೆ ಒಂದಿಡೀ ಬಿಸ್ಕಿಟು ಪುಡಿಕೆಯನ್ನು ನೀರಿನ ಡ್ರಮ್ಮಿನ ಹಿಂದೆ ಕೂತು ತಿಂದು ಮುಗಿಸಿದ್ದಳು. ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರೂ ತಿಂದಿಲ್ಲ, ತಿಂದಿಲ್ಲ ಅಂತಲೇ ಅಂದಿದ್ದಳು. ಕಸ ಗುಡಿಸುವಾಗ ಕಾಗದ ಸಿಕ್ಕಿತು. ಅಂದಿನಿಂದ ಅನುರಾಧಾ ಮಗಳ ಬಾಯಿ ಮೂಸಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಆ ದಿನ ಮಗಳಿಗೆ ಸ್ನಾನ ಮಾಡಿಸಿ ಒಳಗೆ ಬಂದವಳೇ ಅತ್ತೆಯ ಮುಂದೆ ನಿಂತಳು. ಸುಂದ್ರವ್ವ ಇಂಡಿ ಕಡೆಯವಳು. ಮೂವತ್ತು ವರ್ಷದ ಹಿಂದೆ ಗಂಡನೊಂದಿಗೆ ಮುಂಬೈಗೆ ಬಂದು, ಕಟ್ಟಡಗಳಿಗೆ ಕಲ್ಲು ಹೊತ್ತು, ಈಗ ಮಂಡಿನೋವಿನಿಂದ ಮನೆ ಹಿಡಿದಿದ್ದಳು. ಶಾಲೆ ಬಿಟ್ಟ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳುವವಳು ಅವಳೇ.

"ಅತ್ತಿ, ನೀವು ಏನರ ಕೊಟ್ಟೀರೇನ್ರಿ ಅಕಿಗೆ?"

ಸುಂದ್ರವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. "ಏನ ಕೊಡಲವ್ವಾ ನಾ? ಬೆಲ್ಲದ ಡಬ್ಬಿ ನೀನ ಕೀಲಿ ಹಾಕೀದಿ."

"ಗಣಪತಿದು ಪೇಢಾ ತಂದು ಕೊಟ್ಟಿರಬೇಕು. ದೇವರದು ಏನೂ ಮಾಡಂಗಿಲ್ಲ ಅಂತ ನೀವ ಅಂತಿದ್ರಿ."

"ಹೋದ ವರ್ಷ ಅಂದಿದ್ನಿ. ಅದಾದ ಮ್ಯಾಲ ಅಕಿ ಒದ್ದಾಡಿದ್ದ ಕಣ್ಣಿಲೆ ನೋಡೀನಿ. ನನಗೂ ಕರುಳು ಅದಾವು." ಸುಂದ್ರವ್ವ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಮ್ಯಾಲೂ ನಂಬಿಗಿ ಇಲ್ಲಂದ್ರ ನಿನ್ನ ಮಗಳನ್ನ ನೀನ ಕಾಯ್ಕೋ."

ಚರ್ಮದ ಬ್ಯಾಗು ಹೊಲಿಯುವ ಕಾರಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಅಟ್ಟದ ಮೇಲೆ ಮಲಗಿದ್ದ ಅನುರಾಧಾಳ ಗಂಡ ಚಂದ್ರಾಮ ತಲೆ ಹೊರಗೆ ಹಾಕಿ, "ಮಲಗಾಕ ಬಿಡ್ರಿ ಮಾರಾಯ್ರ" ಅಂದ.

ಅನುರಾಧಾ ಮಗಳನ್ನು ಕೆಲಸಕ್ಕೆ ಕರೆದುಕೊಂಡು ಹೊರಟಳು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಮೊಸರನ್ನದ ಡಬ್ಬಿ, ಗಲ್ಲಿಯ ದವಾಖಾನೆಯಲ್ಲಿ ಬರೆಸಿಕೊಂಡು ಬಂದ ಕೆಮ್ಮಿನ ಔಷಧಿ. ಹೊರಡುವ ಮುಂಚೆ ಎರಡು ಚಮಚ ಕುಡಿಸಿದಳು. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಹುಡುಗಿ ಅವ್ವನ ಸೊಂಟಕ್ಕೆ ಒರಗಿ ನಿಂತೇ ಚೆಂಬೂರಿನವರೆಗೆ ಬಂದಳು.

ಮೊದಲನೆಯ ಮನೆ ಧರ್ಮಣ್ಣನವರದು. ಕಾರ್ಕಳ ಕಡೆಯವರು, ರಿಫೈನರಿಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಮಗ ಸೊಸೆ ವಿಕ್ರೋಳಿಯ ಆಫೀಸಿಗೆ ಹೋದ ಮೇಲೆ ಅವರಿಗೆ ಅಡುಗೆ ಮಾಡಿ, ಬಡಿಸಿ ಬರುವುದು ಅನುರಾಧಾಳ ಕೆಲಸ. ಅವರಿಗೆ ನಿಜವಾದ ಸಕ್ಕರೆ ಕಾಯಿಲೆ. ವಹಿನಿ ಎಂದು ಕರೆಸಿಕೊಳ್ಳುವ ಸೊಸೆ ಸಕ್ಕರೆ ಡಬ್ಬಿಯನ್ನು ಎಲ್ಲಿಟ್ಟಿದ್ದಾಳೆಂದು ಅನುರಾಧಾಳಿಗೆ ಮಾತ್ರ ಗೊತ್ತು. ದಿನವೂ ಹನ್ನೊಂದು ಗಂಟೆಗೆ ಧರ್ಮಣ್ಣ ಅಡುಗೆಮನೆಯ ಬಾಗಿಲಿಗೆ ಬಂದು, "ಚಹಾಕ್ಕೆ ಅರ್ಧ ಚಮಚ ಹಾಕು ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ?" ಅನ್ನುವರು. ದಿನವೂ ಅವಳು, "ವಹಿನಿ ಬೈತಾರ್ರೀ" ಅನ್ನುವಳು. ಇಲ್ಲಿ ಮುದುಕರಿಗೆ ಬೇಡ ಅನ್ನು, ಅಲ್ಲಿ ಹುಡುಗಿಗೆ ಬೇಡ ಅನ್ನು. ಮುಂಬೈಗೆ ಬಂದು ತಾನು ಕಲಿತ ಕಸುಬು ಇದೊಂದೇ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಶೀತಲ್ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬಂದ ಮೇಲೆ ಎರಡು ಸಲ ಅವರ ಬಾತ್‌ರೂಮಿಗೆ ಹೋಗಿದ್ದಳು. ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಹೊತ್ತು ಹೋಗದೆ ಚೀಲದಿಂದ ಔಷಧಿ ಬಾಟಲಿ ತೆಗೆದು ಓದುತ್ತಿದ್ದಳು. ಅವಳು ಇಂಗ್ಲಿಷ್ ಶಾಲೆಯವಳು. ಅಂಗಡಿಯಲ್ಲಿ ಏನು ಕೊಂಡರೂ ಹಿಂದೆ ಬರೆದದ್ದನ್ನು ಓದಿ ಹೇಳು ಎಂದು ಅನುರಾಧಾಳೇ ಅವಳಿಗೆ ಕಲಿಸಿದ್ದಳು.

"ಮಮ್ಮಿ, ಸಿರಪಿ ಬೇಸ್ ಅಂದ್ರ ಏನು?"

"ನನಗೇನ ಗೊತ್ತು? ಸುಮ್ಮ ಕುಂದ್ರು." ಅನುರಾಧಾ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಧರ್ಮಣ್ಣ ಕೈ ಚಾಚಿದರು. "ಎಲ್ಲಿ, ಕೊಡು ಮಗೂ." ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೆ ಏರಿಸಿ ಓದಿದರು. "ಫ್ಲೇವರ್ಡ್ ಸಿರಪಿ ಬೇಸ್. ಬೇಸ್ ಅಂದ್ರೆ ಮದ್ದನ್ನು ಕಲಸಿದ್ದು ಯಾವುದರಲ್ಲಿ ಅಂತ. ಇದರಲ್ಲಿ ಸಕ್ಕರೆ ಪಾಕ ಇರ್ತದೆ. ನನಗೆ ಡಾಕ್ಟರು ಕೆಮ್ಮಿಗೆ ಸಕ್ಕರೆ ಇಲ್ಲದ್ದೇ ಬೇರೆ ಬರೆದುಕೊಡ್ತಾರೆ. ಯಾಕೆ, ಇವಳಿಗೆ ಆಗುದಿಲ್ವಾ?"

ಅನುರಾಧಾ ಗ್ಯಾಸ್ ಆರಿಸಿದಳು. ಕೆಮ್ಮು ಶುರುವಾದದ್ದು ಗಣಪತಿ ಬಂದ ದಿನ. ಅಂದು ಸಂಜೆಯೇ ಔಷಧಿ. ದಿನಕ್ಕೆ ಮೂರು ಸಲ, ಎರಡೆರಡು ಚಮಚ. ಹೊಟ್ಟೆ ಉಬ್ಬರವೂ ಮರುದಿನದಿಂದಲೇ ಶುರುವಾಗಿತ್ತು. ದವಾಖಾನೆಯಲ್ಲಿ ಗದ್ದಲ ಎಷ್ಟಿತ್ತೆಂದರೆ, ಕೆಮ್ಮು ಅಂದಳು, ಡಾಕ್ಟರು ಬರೆದರು, ಎದ್ದು ಬಂದಳು. ಸಕ್ಕರೆಯ ಮಾತು ಅವಳೂ ಎತ್ತಲಿಲ್ಲ. ಔಷಧಿಯಲ್ಲಿ ಸಕ್ಕರೆ ಇರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹುಡುಗಿ ಸಿಹಿ ಇದೆ, ಬೇಡ ಎಂದು ಮುಖ ತಿರುಗಿಸಿದಾಗ ಗದ್ದ ಹಿಡಿದು ಕುಡಿಸಿದ್ದಳು.

"ನೀನ ಕೊಟ್ಟಿ" ಅಂದಳು ಶೀತಲ್. ಸಿಟ್ಟಿನಿಂದಲ್ಲ. ಲೆಕ್ಕದ ಉತ್ತರ ಸಿಕ್ಕವಳ ಹಾಗೆ ಅಂದಳು.

ಅನುರಾಧಾ ನೆಲದ ಮೇಲೆ ಮಗಳ ಪಕ್ಕದಲ್ಲಿ ಕೂತಳು. ಧರ್ಮಣ್ಣ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, "ನೀನು ಇವತ್ತು ಪಲ್ಯ ಮಾಡುದು ಬೇಡ. ಅನ್ನ ಸಾರು ಸಾಕು ನನಗೆ. ಮಗುವಿಗೆ ಉಪ್ಪು ಹಾಕಿ ಗಂಜಿನೀರು ಕೊಡು" ಎಂದು ಹೊರಗೆ ಹೋದರು. ಇವತ್ತು ಬರುವುದಿಲ್ಲವೆಂದು ಅನುರಾಧಾ ಎರಡನೆಯ ಮನೆಗೆ ಫೋನು ಮಾಡಿದಳು.

ಹಿಂತಿರುಗುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಶೀತಲ್ ಕಿಟಕಿಯ ಕಡೆ ಕೂತಳು.

"ನಂದು ತಪ್ಪಾತು" ಅಂದಳು ಅನುರಾಧಾ.

ಶೀತಲ್ ಹೊರಗೇ ನೋಡುತ್ತ, "ನೀ ಎಲ್ಲಾರ ಮುಂದ ಹೊಡದಿ. ಚೋರ್ ಅಂದಿ. ಎಲ್ಲಾರ ಮುಂದನ ಹೇಳು" ಅಂದಳು.

"ಏನಂತ ಹೇಳ್ಲಿ?"

"ನಾ ತಿಂದಿಲ್ಲ ಅಂತ."

ಮರುದಿನ ಬೆಳಿಗ್ಗೆ ಅನುರಾಧಾ ಮಗಳನ್ನು ಕರೆದುಕೊಂಡು ಸಂಡಾಸದ ಸಾಲಿಗೆ ಹೋದಳು. ಕೈಯಲ್ಲಿ ನೀರಿನ ಡಬ್ಬಿ ಹಿಡಿದ ಹತ್ತು ಹನ್ನೆರಡು ಹೆಂಗಸರು, ನಿದ್ದೆಗಣ್ಣು. ಸಾಲು ಎರಡು ಹೆಜ್ಜೆ ಸರಿಯಿತು. ಶೀತಲ್ ಅವ್ವನ ಸೆರಗು ಜಗ್ಗಿದಳು. ಆಗ ಅನುರಾಧಾ ಕನ್ನಡದಲ್ಲಿ ಅಂದು, ತಿಳಿಯದವರಿಗೆ ಹಿಂದಿಯಲ್ಲಿ ಮತ್ತೆ ಅಂದಳು: ನಿನ್ನೆ ನಾನು ಇವಳನ್ನು ಸುಮ್ಮಸುಮ್ಮನೆ ಹೊಡೆದೆ, ಇವಳು ಏನೂ ಕದ್ದಿರಲಿಲ್ಲ, ನಾನೇ ಕೊಟ್ಟ ಔಷಧಿಯಲ್ಲಿ ಸಕ್ಕರೆ ಇತ್ತು. ಒಂದಿಬ್ಬರು ನಕ್ಕರು. ನಿನ್ನೆ ಬಿಡಿಸಿಕೊಳ್ಳಲು ಬಂದ ಹೆಂಗಸು ಮಾತ್ರ, "ದವಾ ಮೇ ಭೀ ಶಕ್ಕರ್?" ಎಂದು ತನ್ನ ಮೊಮ್ಮಗನ ಔಷಧಿಯ ಬಗ್ಗೆ ಕೇಳತೊಡಗಿದಳು. ಅಷ್ಟರಲ್ಲಿ ಶೀತಲ್‌ಳ ಸರದಿ ಬಂತು.

ಅತ್ತೆಯನ್ನು ಸಮಾಧಾನ ಮಾಡುವುದು ಅಷ್ಟು ಸುಲಭವಾಗಲಿಲ್ಲ. ಸುಂದ್ರವ್ವ ಎಲ್ಲವನ್ನೂ ಕೇಳಿ, "ಆತು" ಅಂದಳು, ಅಷ್ಟೇ. ಸೊಸೆ ಇಟ್ಟ ಚಹಾ ಆರಿ ಕೆನೆ ಕಟ್ಟಿತು. ನಾಲ್ಕು ದಿನ ತನ್ನ ಚಹಾ ತಾನೇ ಕಾಸಿಕೊಂಡಳು. ಐದನೆಯ ದಿನ, ಅನುರಾಧಾ ಆಸ್ಪತ್ರೆಗೆ ಹೊರಟಾಗ, ಮಂಡಿನೋವನ್ನು ಲೆಕ್ಕಿಸದೆ, "ನಾನೂ ಬರ್ತೀನಿ. ಡಾಕ್ಟರ ಬಾಯಿಲೆ ನನಗೂ ಕೇಳಬೇಕಾಗೇತಿ" ಎಂದು ಚಪ್ಪಲಿ ಮೆಟ್ಟಿದಳು.

ಮೂರು ತಾಸು ಕಾದ ಮೇಲೆ ಡಾಕ್ಟರಮ್ಮ ಸಿಕ್ಕರು. ಕಾಗದಗಳನ್ನು ನೋಡಿ, ಒಂದು ವರ್ಷ ಎಲ್ಲಿ ಹೋಗಿದ್ದಿರಿ ಎಂದು ಬೈದರು. ಯಾವ ಡಾಕ್ಟರ ಹತ್ತಿರ ಹೋದರೂ, ಔಷಧಿ ಅಂಗಡಿಗೆ ಹೋದರೂ, ಮೊದಲು ಇದನ್ನು ತೋರಿಸಿ ಎಂದು ಒಂದು ಚೀಟಿ ಬರೆದುಕೊಟ್ಟರು. ಆಮೇಲೆ ಶೀತಲ್‌ಳನ್ನೇ ಕೇಳಿದರು, "ನಿನಗೆ ಏನು ತಿನ್ನೋ ಆಸೆ?"

ಶೀತಲ್ ಅವ್ವನ ಮುಖ ನೋಡಿದಳು. "ಪೇಢಾ."

ಒಂದಿಡೀ ವರ್ಷ ಪೂರ್ತಿ ಬಂದ್ ಮಾಡಿ ಎಂದು ನಾನು ಹೇಳಿರಲಿಲ್ಲ, ಮೂರು ತಿಂಗಳಿಗೆ ಕರೆದದ್ದು ಇದಕ್ಕೇ ಅಂದರು ಡಾಕ್ಟರಮ್ಮ. ಕೆಲವು ಮಕ್ಕಳಿಗೆ ಸ್ವಲ್ಪ ಸ್ವಲ್ಪ ಅರಗುತ್ತದೆ. ಎಷ್ಟು ಎಂದು ಅವಳ ಹೊಟ್ಟೆಯೇ ಹೇಳಬೇಕು. ಹೊಟ್ಟೆ ಪೂರ್ತಿ ನೆಟ್ಟಗಾಗಲಿ, ರಜೆಯ ದಿನ ಊಟವಾದ ಮೇಲೆ, ಬೆರಳ ತುದಿಯಷ್ಟು ಕೊಡಿ. ಕದ್ದು ತಿನ್ನುವುದಕ್ಕಿಂತ ನಿಮ್ಮ ಮುಂದೆ ತಿನ್ನಲಿ. ಏನಾಯಿತೆಂದು ಅವಳೇ ಬರೆದಿಡಲಿ.

ಸುಂದ್ರವ್ವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆದರೂ ಹೊರಗೆ ಬಂದು ಸೊಸೆಯನ್ನು ಮತ್ತೆ ಕೇಳಿದಳು, "ಹಂಗಾದ್ರ ಕೊಡಬೇಕಂತೇನು?"

"ಕೊಡಬೇಕಂತಲ್ಲ. ಕೊಟ್ಟು ನೋಡಬೇಕಂತ."

"ನೋಡೂದು ಯಾರು? ಮತ್ತ ನಾವ."

"ಹೂಂರಿ ಅತ್ತಿ, ಮತ್ತ ನಾವ" ಅಂದಳು ಅನುರಾಧಾ. ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. ಅಲ್ಲಿ ಅನುರಾಧಾ ತಂದುಕೊಟ್ಟ ಚಹಾವನ್ನು ಸುಂದ್ರವ್ವ ಕುಡಿದಳು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಚಂದ್ರಾಮ ಒಂದೇ ಒಂದು ಪೇಢಾ ಕಟ್ಟಿಸಿಕೊಂಡು ಬಂದ. ಒಂದಕ್ಕೆ ಯಾರು ಕಾಗದ ಸುತ್ತುತ್ತಾರೆಂದು ಅಂಗಡಿಯವನು ನಕ್ಕನಂತೆ. ಅನ್ನ, ಮೊಸರು ಊಟವಾದ ಮೇಲೆ ಅನುರಾಧಾ ಚಾಕುವಿನಿಂದ ಒಂದು ಚೂರು ಕತ್ತರಿಸಿದಳು. ಶೀತಲ್ ಅದನ್ನು ಗಬಕ್ಕನೆ ನುಂಗಬಹುದು ಎಂದುಕೊಂಡಿದ್ದರು. ಅವಳು ನಾಲಿಗೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿ, ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಹೆಂಗೈತಿ?" ಅಂದ ಚಂದ್ರಾಮ.

"ಠೀಕ್ ಐತಿ. ಭಾಳ ಸಿಹಿ."

ಒಂದು ತಾಸು ಎಲ್ಲರೂ ಬೇರೆ ಕೆಲಸದಲ್ಲಿರುವಂತೆ ನಟಿಸುತ್ತ ಅವಳನ್ನೇ ನೋಡಿದರು. ಮೂರು ಗಂಟೆಗೆ ಹೊಟ್ಟೆ ಗುಡುಗುಟ್ಟಿತು, ಸ್ವಲ್ಪ ನೋವೂ ಬಂತು. ಅನುರಾಧಾ ಡಬ್ಬಿಗೆ ನೀರು ತುಂಬಿಸಿ ಬಾಗಿಲಲ್ಲಿಟ್ಟಳು. ಆದರೆ ಓಡುವ ಪ್ರಸಂಗ ಬರಲಿಲ್ಲ. ನಾಲ್ಕೂವರೆಗೆ ನೋವು ನಿಂತಿತು. ಶೀತಲ್ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಳು.

"ಏನ ಬರದಿ?" ಎಂದು ಅಜ್ಜಿ ಕೇಳಿದಳು.

"ಇಷ್ಟ ಜಾಸ್ತಿ ಆತು. ನೆಕ್ಸ್ಟ್ ಟೈಮ್ ಇದರ ಅರ್ಧಾ."

ಅನುರಾಧಾ ಗೋಡೆಗೆ ಒರಗಿ ಕೂತಿದ್ದಳು. ಉಳಿದ ಪೇಢಾ ತಟ್ಟೆಯಲ್ಲಿ ಹಾಗೆಯೇ ಇತ್ತು. ಎದ್ದು ಅದನ್ನು ಎತ್ತಿಡಬೇಕು, ಸಂಜೆಯ ಅಡುಗೆಗೆ ಹಿಟ್ಟು ನಾದಬೇಕು, ನಾಳೆ ಚೆಂಬೂರಿಗೆ ಬೇಗ ಹೋಗಬೇಕು ಎಂದು ಒಂದೊಂದಾಗಿ ಅಂದುಕೊಳ್ಳುತ್ತಿದ್ದವಳಿಗೆ ಕಣ್ಣು ಎಳೆಯತೊಡಗಿತು.

"ಮಲಕ್ಕೋ ಹೋಗು. ರೊಟ್ಟಿ ನಾ ಬಡಿತೀನಿ" ಎಂದು ಸುಂದ್ರವ್ವ ಮಂಡಿಯ ಮೇಲೆ ಕೈಯೂರಿ ಎದ್ದಳು.

ಅನುರಾಧಾ ಚಾಪೆ ಹಾಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಬರಿ ನೆಲದ ಮೇಲೆಯೇ ಹೊರಳಿದಳು. ಹೊರಗೆ ಮಕ್ಕಳು ಶೀತಲ್‌ಳನ್ನು ಆಡಲು ಕರೆಯುತ್ತಿದ್ದರು. ಅವಳು ಹೋದದ್ದು ಕೇಳಿಸಿತು. ಎಲ್ಲಿಗೆ, ಯಾರ ಮನೆಗೆ ಎಂದು ಅನುರಾಧಾ ಕೇಳಲಿಲ್ಲ. ಕೇಳುವಷ್ಟರಲ್ಲಿ ನಿದ್ದೆ ಹತ್ತಿತ್ತು.